ಗಿಳಿ ಓಡಿಸಿದ ಬ್ಯಾಕಪ್ಪು

ನಮ್ಮ ಕಡೆ ವಿಸಿಟಿಂಗ್ ಕಾರ್ಡಿಗೆ ಒಂದು ಸಾಲು ಹೆಚ್ಚಾದ ಕಾಲವೊಂದಿತ್ತು. ಅದಕ್ಕೆ ಮುಂಚೆ ಹೆಸರು, ಹೆಸರಿನ ಬಾಲಕ್ಕೊಂದು ಪದವಿ, ಅಂಗಡಿಯ ವಿಳಾಸ, ಅದರ ಕೆಳಗೆ ‘ಬಸ್ ನಿಲ್ದಾಣದ ಹತ್ತಿರ’ ಎಂಬ ಸರ್ವಸಮ್ಮತ ಸುಳ್ಳು, ಇಷ್ಟಿದ್ದರೆ ಸಾಕಾಗಿತ್ತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗುವ ಹೊತ್ತಿಗೆ ಮುಳಬಾಗಿಲಿನ ಸೈಕಲ್ ಶಾಪಿನವರಿಂದ ಹಿಡಿದು ಮಾಲೂರಿನ ಹೆಂಚಿನ ಕಾರ್ಖಾನೆಯವರವರೆಗೆ ಎಲ್ಲರ ಕಾರ್ಡಿನ ತಳದಲ್ಲೂ ಮೂರು ಡಬ್ಲ್ಯೂಗಳು ಮೂಡಿಬಿಟ್ಟವು. ಹಣೆಯ ಮೂರು ಪಟ್ಟೆ ನೋಡಿ ಶೈವರೆಂದು ತಿಳಿಯುವಂತೆ, ಕಾರ್ಡಿನ ಮೂರು ಡಬ್ಲ್ಯೂ ನೋಡಿ ಇವರು ಮುಂದುವರಿದವರು ಎಂದು ನಾವು ತಿಳಿಯಬೇಕಾಗಿತ್ತು. ಆ ವಿಳಾಸವನ್ನು ಹುಡುಕಿಕೊಂಡು ಹೋದರೆ ‘ನಿರ್ಮಾಣ ಹಂತದಲ್ಲಿದೆ’ ಎಂಬ ಫಲಕ ಸಿಗುತ್ತಿತ್ತು ಅನ್ನುವುದು ಬೇರೆ ಮಾತು. ನಮ್ಮ ಊರಿನ ಸಮುದಾಯ ಭವನಗಳೂ ಆಗ ಅದೇ ಹಂತದಲ್ಲಿದ್ದುದರಿಂದ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಈ ಪ್ರಗತಿಯಲ್ಲಿ ನನ್ನದೂ ಒಂದು ಅಳಿಲು ಸೇವೆಯಿದೆ. ನಾನು ಮುಳಬಾಗಿಲಿನಲ್ಲಿ ವ್ಯಾಪಾರಸ್ಥರ ತೆರಿಗೆ ಲೆಕ್ಕ ನೋಡಿಕೊಡುವವನು. ಅಂಕಿಗಳೊಡನೆ ನಮ್ಮ ವಂಶದ ನಂಟು ತಾತನ ಶ್ಯಾನುಭೋಗಿಕೆಯಿಂದ ಬಂದದ್ದು. ಸಾಲದ್ದಕ್ಕೆ ತೊಂಬತ್ತರ ದಶಕದಲ್ಲಿ ಕೋಲಾರದ ಒಂದು ಮಹಡಿಯ ಮೇಲೆ, ಚಪ್ಪಲಿ ಹೊರಗೆ ಬಿಟ್ಟು ಭಯಭಕ್ತಿಯಿಂದ ಒಳಹೊಕ್ಕು, ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡಿದ್ದೆ. ಅಲ್ಲಿ ಕಲಿತ ವಿದ್ಯೆ ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಹಳತಾಗಿತ್ತು. ಆದರೆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರಿಂದ ಬಂಧುವರ್ಗದಲ್ಲಿ ನನ್ನ ಪಾಂಡಿತ್ಯಕ್ಕೆ ಎದುರೇ ಇಲ್ಲದಂತಾಯಿತು. ಮಿಕ್ಸಿ ಕೆಟ್ಟರೂ ನನ್ನನ್ನೇ ಕೇಳುತ್ತಿದ್ದರು, ನಾನೂ ಗಂಭೀರವಾಗಿ ಉತ್ತರ ಕೊಡುತ್ತಿದ್ದೆ.

ಶ್ರೀನಿವಾಸಪುರದಲ್ಲಿರುವ ನನ್ನ ಅಕ್ಕ ವನಜ ಆಗ ಉಪ್ಪಿನಕಾಯಿಯ ಉದ್ಯಮ ನಡೆಸುತ್ತಿದ್ದಳು. ಭಾವನಿಗೆ ಗೌನಿಪಲ್ಲಿಯ ದಾರಿಯಲ್ಲಿ ಮಾವಿನ ತೋಟವಿದೆ. ಹಣ್ಣನ್ನು ಮಂಡಿಗೆ ಹಾಕಿ ದಲ್ಲಾಳಿಗಳೊಡನೆ ಜಗಳವಾಡುವುದು ಭಾವನ ಪಾಲು, ಕಾಯಿಯಲ್ಲೇ ಒಂದಷ್ಟನ್ನು ಕಿತ್ತು ಆವಕಾಯಿ, ಮಾಗಾಯಿ, ತೊಕ್ಕು ಹಾಕಿ ಮಾರುವುದು ಅಕ್ಕನ ಪಾಲು. ಬೀದಿಯ ಏಳೆಂಟು ಹೆಂಗಸರು ಅವಳ ಹಿತ್ತಿಲ ಕಡೆಯ ಹಿಂದಿನ ಮನೆಯಲ್ಲಿ ಕೂತು ಕಾಯಿ ಹೆಚ್ಚುತ್ತಿದ್ದರು. ಅವರ ಮನೆಯ ಮಕ್ಕಳ ಸ್ಕೂಲು ಫೀಸು ಆ ಜಾಡಿಗಳಿಂದಲೇ ಬರುತ್ತಿತ್ತು. ಗಿರಾಕಿಗಳು ಮಾತ್ರ ದೂರದವರು. ಚಿನ್ನದ ಗಣಿ ಮುಚ್ಚಿದ ಮೇಲೆ ನಾಗಪುರ, ಭಿಲಾಯಿ, ಸೇಲಂ ಎಂದು ಚದುರಿಹೋದ ಕುಟುಂಬಗಳು ಹೊಸ ಊರಿನ ನೀರಿಗೆ ಒಗ್ಗಿಕೊಂಡರೂ ಹೊಸ ಊರಿನ ಉಪ್ಪಿನಕಾಯಿಗೆ ಒಗ್ಗಿಕೊಳ್ಳಲಾರದೆ ಅಕ್ಕನನ್ನು ಹುಡುಕಿಕೊಂಡು ಬಂದಿದ್ದವು. ಒಬ್ಬೊಬ್ಬರದು ಒಂದೊಂದು ನಿಬಂಧನೆ. ಒಬ್ಬರಿಗೆ ಬೆಳ್ಳುಳ್ಳಿ ಕೂಡದು, ಇನ್ನೊಬ್ಬರ ಅತ್ತೆಗೆ ಬೀಪಿ, ಉಪ್ಪು ಹಿಡಿದು ಹಾಕಬೇಕು. ನಾಗಪುರದ ಸುಶೀಲಮ್ಮ ಎಂಬ ವೃದ್ಧೆ ಪ್ರತಿವರ್ಷವೂ ಮೊಮ್ಮಗಳ ಕೈಲಿ ಒಂದೇ ವಾಕ್ಯ ಬರೆಸುತ್ತಿದ್ದರು: ‘ಹಲ್ಲಿಲ್ಲ, ಹೋಳು ಸಣ್ಣಗೆ ಹೆಚ್ಚಿಸಿ.’

ಇವರೆಲ್ಲರನ್ನೂ ವೆಬ್‌ಸೈಟಿನೊಳಗೆ ತಂದು ಕೂರಿಸುವ ಯೋಜನೆ ನನ್ನದು. ಗಿರಾಕಿಗಳು ತಾವೇ ಬಂದು ವಿಳಾಸ, ರುಚಿ, ಬೇಕಾದ ಜಾಡಿ ಬರೆದು ಹೋಗುತ್ತಾರೆ, ನೀನು ನೋಡಿಕೊಂಡು ಕೊರಿಯರ್ ಮಾಡಿದರಾಯಿತು ಎಂದೆ. ಅಕ್ಕ ಒಪ್ಪಿದಳು. ಭಾವ ಮಾತ್ರ ತೋಟದ ಕೆಸರುಗಾಲಲ್ಲೇ ನಿಂತು, “ಅದೆಲ್ಲಾ ಸರಿ ಕಣಪ್ಪಾ, ಅದು ಎಲ್ಲಿರುತ್ತೆ?” ಎಂದು ಕೇಳಿದರು. ಇಂಥ ಪಾಮರ ಪ್ರಶ್ನೆಗೆ ಡಿಪ್ಲೊಮಾದವನು ನಗದೆ ಇರಲು ಹೇಗೆ ಸಾಧ್ಯ, ನೀವೇ ಹೇಳಿ. ಅದು ಎಲ್ಲೂ ಇರುವುದಿಲ್ಲ ಭಾವ, ಎಲ್ಲೆಲ್ಲೂ ಇರುತ್ತದೆ ಎಂದು ಪರಬ್ರಹ್ಮದ ಲಕ್ಷಣವನ್ನೇ ವೆಬ್‌ಸೈಟಿಗೆ ಹಚ್ಚಿ ಹೇಳಿದೆ. ಭಾವ ಕಾಲು ತೊಳೆಯಲು ಹೋದರು.

ಅದು ನಿಜವಾಗಿ ಇದ್ದದ್ದು ಪ್ರಭಾಕರ ಎಂಬವನ ವಶದಲ್ಲಿ. ಕೋಲಾರದಲ್ಲಿ ಒಂದು ಎಸ್‌ಟಿಡಿ ಬೂತಿನ ಪಕ್ಕದ ಕೋಣೆಯಲ್ಲಿ ಕೂತು ಇಡೀ ಜಿಲ್ಲೆಯ ವೆಬ್‌ಸೈಟುಗಳಿಗೆ ಆಶ್ರಯ ಕೊಟ್ಟಿದ್ದ ಆತ ಸರ್ವರು ಅಮೆರಿಕದಲ್ಲಿದೆ ಎನ್ನುತ್ತಿದ್ದ. ಅಮೆರಿಕದಲ್ಲಿರುವುದು ಕೆಡುವುದಿಲ್ಲ ಎಂಬ ನಂಬಿಕೆ ಆಗ ನಮ್ಮಲ್ಲಿ ದೃಢವಾಗಿತ್ತು. ಪ್ರಭಾಕರನ ಗುಣವನ್ನೂ ಹೇಳಬೇಕು: ಪ್ರತಿ ಯುಗಾದಿಗೂ ತಪ್ಪದೆ ಅಕ್ಕನ ಮನೆಗೆ ಬಂದು ಹೋಳಿಗೆ ತಿಂದು, ಒಂದು ಸೀಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, “ಬ್ಯಾಕಪ್ಪು ಮೇಡಂ, ಜೋಪಾನ” ಎಂದು ಹೇಳಿ ಹೋಗುತ್ತಿದ್ದ. ಅಕ್ಕ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬೀರುವಿನಲ್ಲಿಡುತ್ತಿದ್ದಳು. ಅದರೊಳಗೆ ಏನಿದೆ ಎಂದು ನಾವಾರೂ ತೆರೆದು ನೋಡಲಿಲ್ಲ.

ಒಂದು ವರ್ಷ ಯುಗಾದಿಗೆ ಪ್ರಭಾಕರ ಬರಲಿಲ್ಲ. ಹೋಳಿಗೆ ಉಳಿಯಿತೆಂದು ನಾವು ಹೆಚ್ಚು ಯೋಚಿಸಲಿಲ್ಲ. ಹಬ್ಬ ಕಳೆದು ಕಾಯಿ ಬಲಿಯುವ ಹೊತ್ತಿಗೆ, ಆರ್ಡರುಗಳು ಸುರಿಯಬೇಕಾದ ವಾರದಲ್ಲಿ, ಅಕ್ಕನ ವೆಬ್‌ಸೈಟ್ ಇದ್ದ ಜಾಗದಲ್ಲಿ ಬಿಳಿಯ ಹಾಳೆಯೊಂದು ಕಾಣಿಸಿತು. ಕೋಲಾರಕ್ಕೆ ಓಡಿದೆ; ಕೋಣೆಗೆ ಬೀಗ. ಬೂತಿನವರು ಹೇಳಿದ ಪ್ರಕಾರ ಪ್ರಭಾಕರನಿಗೆ ಈ ಸೈಟುಗಳ ಸಹವಾಸ ಸಾಕಾಗಿ, ಮಾಲೂರಿನಲ್ಲಿ ಮೂವತ್ತು ನಲವತ್ತರ ಸೈಟುಗಳನ್ನು ಮಾರಲು ಹೋಗಿಬಿಟ್ಟಿದ್ದ. ಹೋಗುವಾಗ ಅಮೆರಿಕದವರಿಗೆ ಕಟ್ಟಬೇಕಾದ ಬಾಡಿಗೆ ಕಟ್ಟಿರಲಿಲ್ಲ, ಅವರು ಗೊತ್ತಲ್ಲ, ಹೋಳಿಗೆಗೆ ಕರಗುವ ಜನವಲ್ಲ, ಎಲ್ಲವನ್ನೂ ಅಳಿಸಿಹಾಕಿದ್ದರು.

ಆದರೂ ನಾನು ಧೈರ್ಯಗೆಡಲಿಲ್ಲ. ಬ್ಯಾಕಪ್ ಇದೆಯಲ್ಲ! ಶ್ರೀನಿವಾಸಪುರದ ಬಸ್ಸು ಹಿಡಿದು, ಇಳಿದು, ಇಂಥ ಸಂದರ್ಭಗಳಿಗಾಗಿಯೇ ದೂರದೃಷ್ಟಿಯುಳ್ಳವರು ಪ್ರತಿ ಇಟ್ಟುಕೊಳ್ಳುತ್ತಾರೆ ಎಂದು ಪಡಸಾಲೆಯಲ್ಲಿ ಸಣ್ಣದೊಂದು ಉಪನ್ಯಾಸ ಮಾಡಿ, ಸೀಡಿಗಳನ್ನು ತರಲು ಹೇಳಿದೆ. ಅಕ್ಕ ಬೀರು ತೆಗೆದಳು. ಕುಂಕುಮದ ಬಟ್ಟಲು ಇತ್ತು, ಸೀಡಿ ಇರಲಿಲ್ಲ. ಅವಳು ಮೆಲ್ಲಗೆ ಭಾವನ ಕಡೆ ತಿರುಗಿದಳು.

ನಮ್ಮ ಕಡೆಯ ತೋಟ ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಗಿಳಿಯ ಹಾವಳಿಗೆ ಹಿಂದೆ ತಗಡು ಬಡಿಯುತ್ತಿದ್ದರು, ಆಮೇಲೆ ಹಳೆಯ ಕ್ಯಾಸೆಟ್ಟಿನ ಟೇಪು ಕಟ್ಟಿದರು, ಸೀಡಿ ಬಂದ ಮೇಲೆ ಕೊಂಬೆಕೊಂಬೆಗೂ ಸೀಡಿ ತೂಗಿತು. ಬಿಸಿಲಿಗೆ ಅದು ಫಳಕ್ಕೆಂದರೆ ಗಿಳಿ ಹತ್ತಿರ ಬರುವುದಿಲ್ಲ. “ಏನೋ ಹಳೇವು ಬಿದ್ದಿವೆ ಅಂದ್ಕೊಂಡೆ” ಎಂದರು ಭಾವ. ಅಕ್ಕ ಒಳಗೆ ಹೋಗಿ ಮೊರ ತಂದು ಅವರ ಕೈಗೆ ಕೊಟ್ಟಳು. ಆ ಮಧ್ಯಾಹ್ನ ನಾವು ಮೂವರೂ ತೋಟದಲ್ಲಿ ಏಣಿ ಹಾಕಿ ಸೀಡಿ ಕೊಯ್ದೆವು. ಮಾವಿನ ಮರದಿಂದ ಮಾಹಿತಿ ತಂತ್ರಜ್ಞಾನವನ್ನು ಕೊಯ್ಲು ಮಾಡಿದ ಡಿಪ್ಲೊಮಾಧಾರಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಬಿಸಿಲು, ಆಲಿಕಲ್ಲು, ಗಿಳಿಗಳ ಪ್ರತೀಕಾರ ಎಲ್ಲವನ್ನೂ ಸಹಿಸಿದ್ದ ಆ ಫಲಗಳನ್ನು ಬಟ್ಟೆಯಲ್ಲಿ ಒರೆಸಿ ಒಂದೊಂದನ್ನೇ ಕಂಪ್ಯೂಟರಿಗೆ ಉಣಿಸಿದೆವು. ಬಹಳಷ್ಟನ್ನು ಅದು ಗೊರಗೊರ ಎಂದು ಉಗುಳಿತು. ಎಲೆಮರೆಯಲ್ಲಿದ್ದ ಒಂದೇ ಒಂದು ಸೀಡಿ, ಪ್ರಭಾಕರನ ಅಕ್ಷರವಿದ್ದದ್ದು, ತೆರೆಯಿತು. ನಾನು ಜಯಘೋಷ ಮಾಡುವಷ್ಟರಲ್ಲಿ ಅದರೊಳಗಿದ್ದದ್ದು ಕಾಣಿಸಿತು: ಮುಖಪುಟದ ಚಿತ್ರ, ಜಾಡಿಗಳ ಚಿತ್ರ, ನಗುವ ಅಕ್ಕನ ಚಿತ್ರ. ಗಿರಾಕಿಗಳು ಬರೆದದ್ದು ಒಂದಕ್ಷರವೂ ಇಲ್ಲ. ಪುಣ್ಯಾತ್ಮ ವರ್ಷವರ್ಷವೂ ಅಂಗಡಿಯ ಬೋರ್ಡನ್ನು ನಕಲು ಮಾಡಿಕೊಟ್ಟು, ಅಂಗಡಿಯನ್ನೇ ಬಿಟ್ಟಿದ್ದ. ಅವು ಬೀರುವಿನಲ್ಲಿ ಕ್ಷೇಮವಾಗಿದ್ದರೂ ನಮಗೆ ಏನೂ ಸಿಗುತ್ತಿರಲಿಲ್ಲ. ಭಾವನ ಮುಖಕ್ಕೆ ಕಳೆ ಬಂತು. “ಚೂಡಪ್ಪಾ, ನೋಡು, ನನ್ನ ಕೈಲಿದ್ದಾಗ ಗಿಳೀನಾದ್ರೂ ಓಡಿಸ್ತು” ಎಂದರು. ನಾನು ಸೀಡಿಯನ್ನು ಹೊರತೆಗೆದು ಅವರ ಕೈಗೇ ಕೊಟ್ಟೆ.

ಆ ಸೀಸನ್ನಿನಲ್ಲಿ ಅಕ್ಕ ಪಟ್ಟ ಸಂಕಟವನ್ನು ನಗುತ್ತಾ ಬರೆಯಲು ನನ್ನಿಂದಾಗದು. ಹಿಂದಿನ ಮನೆಯಲ್ಲಿ ಕಾಯಿ ರಾಶಿ ಬಿದ್ದಿತ್ತು, ಹೆಂಗಸರು ಈಳಿಗೆಮಣೆ ಮುಂದೆ ಕೂತು ಅಕ್ಕನ ಮುಖ ನೋಡುತ್ತಿದ್ದರು. ಗಿರಾಕಿಗಳೆಲ್ಲ ಅವರಿಗೆ ಬಾಯಿಪಾಠ: ಬೆಳ್ಳುಳ್ಳಿ ಬೇಡದವರು, ಎಣ್ಣೆ ಮುಂದಿರಬೇಕೆನ್ನುವವರು, ಮೆಂತ್ಯ ಹೆಚ್ಚು ಕೇಳುವವರು. ಇಷ್ಟೂ ಜನರ ನಾಲಿಗೆ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ವಿಳಾಸದ ಹಳೆಯ ಪುಸ್ತಕ ವೆಬ್‌ಸೈಟ್ ಬಂದ ವರ್ಷವೇ ರದ್ದಿಗೆ ಹೋಗಿತ್ತು. ಉಪ್ಪಿನಕಾಯಿ ಯಾಕೆ ಬರಲಿಲ್ಲವೆಂದು ಕೆಲವರು ತಾವೇ ಫೋನು ಮಾಡಿ ಜಗಳ ತೆಗೆದರು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟವಳನ್ನು ನಾನು ಬೇರೆ ಕಂಡಿಲ್ಲ. ಹೀಗೆ ಅರ್ಧದಷ್ಟು ಮಂದಿ ಮರಳಿದರು. ಸುಶೀಲಮ್ಮ ಫೋನು ಮಾಡಲಿಲ್ಲ. ಅವರಿಗಾಗಿ ಸಣ್ಣಗೆ ಹೆಚ್ಚಿಸಿದ ಜಾಡಿಯನ್ನು ಅಕ್ಕ ಆ ವರ್ಷವೆಲ್ಲ ಯಾರಿಗೂ ಮಾರಲಿಲ್ಲ.

ಮಳೆಗಾಲ ಮುಗಿದ ಮೇಲೆ ವೆಬ್‌ಸೈಟಿಗೆ ಹೊಸ ಆಶ್ರಯದಾತರನ್ನು ಹುಡುಕುವ ಕೆಲಸ ಶುರುವಾಯಿತು. ಈ ಸಲ ನಿನ್ನ ಡಿಪ್ಲೊಮಾ ಗೋಡೆ ಮೇಲೇ ಇರಲಿ, ನಂಬರು ಮಾತ್ರ ತಂದುಕೊಡು ಎಂದಳು ಅಕ್ಕ. ಬೆಂಗಳೂರಿನ ಕಂಪನಿಗಳ ನಂಬರು ತಂದುಕೊಟ್ಟು, ಅವಳು ಮಾತಾಡುವುದನ್ನು ಪಕ್ಕದಲ್ಲಿ ಕೂತು ಕೇಳಿದೆ. ಒಬ್ಬರು ಜಾಗ, ವೇಗ, ಸೇವೆ ಎಲ್ಲವೂ ಅನ್‌ಲಿಮಿಟೆಡ್ ಎಂದರು. ಮಿತಿಯಿಲ್ಲದೆ ಕೊಡುವವರು ಮಠದಲ್ಲೂ ಇಲ್ಲ ಎಂದು ಅವಳು ಫೋನಿಟ್ಟಳು. ಇನ್ನೊಬ್ಬರು ನೂರಕ್ಕೆ ತೊಂಬತ್ತೊಂಬತ್ತು ಪಾಲು ನಮ್ಮ ಸರ್ವರು ಎದ್ದೇ ಇರುತ್ತದೆ ಎಂದಾಗ, “ಉಳಿದ ಒಂದು ಪಾಲು ಯಾವಾಗ ಮಲಗತ್ತೆ? ನಮ್ಮ ಆವಕಾಯಿ ಸೀಸನ್ನಲ್ಲಾ?” ಎಂದು ಕೇಳಿದಳು. ಇಂಥದೊಂದು ಪ್ರಶ್ನೆ ಇಷ್ಟು ವರ್ಷಗಳಲ್ಲಿ ನನಗೆ ಹೊಳೆದಿರಲಿಲ್ಲ ಎಂದು ನಾನು ಕಾಫಿ ಲೋಟದೊಳಗೆ ನೋಡಿದೆ.

ಕೊನೆಗೆ ಅವಳು ಹಿಡಿದ ಪರೀಕ್ಷಾಕ್ರಮ ಸರಳವಾಗಿತ್ತು: ಭಾನುವಾರ, ಊಟದ ಹೊತ್ತಿಗೆ, ಉಳಿದ ಕಂಪನಿಗಳಿಗೆಲ್ಲ ಫೋನು ಮಾಡಿದಳು. ಒಂದು ಕಡೆ ಸಂಗೀತ ಬಂತು, ಒಂದು ಕಡೆ ಅದೂ ಬರಲಿಲ್ಲ. ಒಂದು ಚಿಕ್ಕ ಕಂಪನಿಯಲ್ಲಿ ಹೆಣ್ಣುಮಗಳೊಬ್ಬಳು ಎತ್ತಿಕೊಂಡು, ಬಾಯಲ್ಲಿದ್ದದ್ದನ್ನು ನುಂಗಿ, “ಒಂದ್ನಿಮಿಷ ಅಮ್ಮಾ, ಕೈ ತೊಳ್ಕೊಂಡು ಬರ್ತೀನಿ” ಎಂದಳು. ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದಳು. ದಿನದಿನವೂ ನಕಲು ತೆಗೆಯುತ್ತೀರಾ, ಆ ನಕಲು ಇನ್ನೊಂದು ಊರಿನಲ್ಲಿರುತ್ತದೆಯೇ, ನಮ್ಮವರ ವಿಳಾಸವನ್ನು ಯಾರಾದರೂ ದುಡ್ಡು ಕೊಡುತ್ತೇನೆಂದರೆ ಕೊಟ್ಟುಬಿಡುತ್ತೀರಾ ಎಂದು ಒಂದೊಂದನ್ನೇ ಕೇಳಿದಳು. ಆ ಹುಡುಗಿ ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟಳು, ಗೊತ್ತಿಲ್ಲದ್ದನ್ನು ವಿಚಾರಿಸಿ ಹೇಳುತ್ತೇನೆಂದಳು, ಸಂಜೆಗೆ ತಾನಾಗಿಯೇ ಫೋನು ಮಾಡಿ ಹೇಳಿದಳು. ವೆಬ್‌ಸೈಟಿನ ಬೀಗ ಬದಲಿಸುವುದು, ಕಳ್ಳರ ಮೇಲೆ ಕಣ್ಣಿಡುವುದು ಎಲ್ಲ ತಮ್ಮದೇ ಹೊಣೆ, ಅದಕ್ಕೇ ಬಾಡಿಗೆ ಹೆಚ್ಚು ಎಂಬುದನ್ನೂ ಮುಚ್ಚಿಡಲಿಲ್ಲ. ಒಂದು ತಿಂಗಳು ಪುಕ್ಕಟೆ ನೋಡಿ, ಹಿಡಿಸಿದರೆ ವರ್ಷಕ್ಕೆ ಕಟ್ಟಿ ಎಂದಳು. ಮರಳಿ ಸಿಕ್ಕ ಗಿರಾಕಿಗಳನ್ನೆಲ್ಲ ನಾನೂ ಅಕ್ಕನೂ ಕೂತು ಒಬ್ಬೊಬ್ಬರನ್ನಾಗಿ ಒಳಗೆ ಸೇರಿಸಿದೆವು.

ತಿಂಗಳು ತುಂಬುವ ಮುನ್ನ ಅಕ್ಕ ಆ ಹುಡುಗಿಗೆ ಫೋನು ಮಾಡಿ ಹೇಳಿದ ಮಾತು ಕೇಳಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. “ನಮ್ದು ಎಲ್ಲಾ ಅಳಿಸ್ಬಿಡಮ್ಮಾ. ಆಮೇಲೆ ನಿಮ್ಮ ನಕಲಿಂದ ವಾಪಸ್ ತಂದು ತೋರ್ಸು.” ಆ ಕಡೆ ಹುಡುಗಿಯ ಗಾಬರಿ, ಈ ಕಡೆ ನನ್ನ ಆಕ್ರಂದನ. ಬೇರೆ ಖಾಲಿ ಪುಟದ ಮೇಲೆ ಪ್ರಯೋಗ ಮಾಡೋಣ, ಅಕ್ಕಾ, ಕಷ್ಟಪಟ್ಟು ಸೇರಿಸಿದ ಜನ ಮತ್ತೆ ಹೋದರೆ ಗತಿಯೇನು ಎಂದೆ. “ಹೋಗೋದಾದ್ರೆ ಈಗ್ಲೇ ಹೋಗ್ಲಿ ಕಣೋ. ಕಾಯಿ ಹೆಚ್ಚಿ ಕೂತಾಗ ಹೋಗೋದು ಬೇಡ” ಎಂದಳು. ನಾನು ಗುಟ್ಟಾಗಿ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿ ಜೇಬಿನಲ್ಲಿಟ್ಟುಕೊಂಡಿದ್ದೆ. ಅದನ್ನೂ ತೆರೆದು ನೋಡಿಲ್ಲ ಎಂಬುದು ಸರಿಯಾಗಿ ಆಗಲೇ ನೆನಪಾಗಬೇಕೆ!

ಪರದೆಯ ಮೇಲೆ ಅದೇ ಬಿಳಿ ಹಾಳೆ ಬಂತು. ಭಾವ ಬಾಗಿಲ ಹತ್ತಿರ ನಿಂತಿದ್ದರು, ಕಾಯಿ ಹೆಚ್ಚುವ ಹೆಂಗಸರಲ್ಲಿ ಇಬ್ಬರು ಕಿಟಕಿಯಿಂದ ಇಣುಕುತ್ತಿದ್ದರು. ನಾನು ಜೇಬನ್ನು ಹಿಡಿದುಕೊಂಡು ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಕಾಫಿ ತಣ್ಣಗಾಯಿತು. ಅಷ್ಟರಲ್ಲಿ ಬಿಳಿ ಹಾಳೆಯ ಮೇಲೆ ಜಾಡಿಗಳ ಚಿತ್ರ ಮೂಡಿತು, ನಗುವ ಅಕ್ಕ ಮೂಡಿದಳು. ಬಂತು ಎಂದು ನಾನು ಕೂಗಿದೆ. ಅಕ್ಕ ಕೂಗಲಿಲ್ಲ. ಮುಖಪುಟವನ್ನು ದಾಟಿ ಒಳಗೆ ಹೋದಳು, ಕನ್ನಡಕ ಮೂಗಿನ ತುದಿಗೆ ಇಳಿಸಿ, ದೂರದ ಬಸ್ಸಿನಿಂದ ನೆಂಟರನ್ನು ಒಬ್ಬೊಬ್ಬರನ್ನೇ ಇಳಿಸಿಕೊಳ್ಳುವವಳ ಹಾಗೆ ಬೆರಳಿಟ್ಟು ಓದಿದಳು: ಬೆಳ್ಳುಳ್ಳಿ ಬೇಡದ ಭಿಲಾಯಿಯವರು, ಬೀಪಿಯ ಅತ್ತೆ, ಎಣ್ಣೆ ಮುಂದಿರಬೇಕೆಂಬ ಸೇಲಂನವರು, ಮೆಂತ್ಯದವರು. ಕೊನೆಯ ಹೆಸರಿನವರೆಗೂ ಓದಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

“ಎಲ್ರೂ ಬಂದ್ರು ಕಣೋ” ಎಂದಳು. “ಈಗ ದುಡ್ಡು ಕಟ್ಟು.”