ಎಂಟು ಕಿಲೋ ಸೈಕಲ್ಲಿಗೊಂದು ನಿಂಬೆಹಣ್ಣು

ಸ್ನೇಹಿತರೇ, ಕೊಟ್ಟೂರಿನಲ್ಲಿ ಇವತ್ತು ನನ್ನ ಸೈಕಲ್ಲಿಗೆ ಪೂಜೆಯಾಯಿತು. ಸೆಕೆಂಡ್ ಹ್ಯಾಂಡ್ ರೇಸ್ ಸೈಕಲ್ಲು. ಎಂಟೇ ಕಿಲೋ ತೂಕ, ಬೆರಳಿನಷ್ಟು ತೆಳ್ಳಗಿನ ಟೈರು. ಪೂಜೆ ನನಗೆ ಬೇಕಿರಲಿಲ್ಲ. ನಮ್ಮ ಸೋದರಮಾವನಿಗೆ ಬೇಕಿತ್ತು. ಎರಡು ಓಣಿ ಆಚೆಯಿಂದ ನಮ್ಮ ಮನೆಗೆ ಬರಲು ಬೈಕ್ ಸ್ಟಾರ್ಟ್ ಮಾಡುವ ಮನುಷ್ಯ ಅವರು.

“ಮಂದಿ ತುಳದು ಬಿಟ್ಟ ಸೈಕಲ್ಲು, ಯಾರ್ಯಾರ ದೃಷ್ಟಿ ಬಿದ್ದೈತೋ” ಎಂದು ಮುಂದಿನ ಗಾಲಿಯ ಎದುರೇ ತೆಂಗಿನಕಾಯಿ ಒಡೆದರು. ಗಾಲಿಯಡಿ ನಿಂಬೆಹಣ್ಣಿಟ್ಟು, “ತಳ್ಳು ಲೇ” ಎಂದರು. ತಳ್ಳಿದೆ. ನಿಂಬೆಹಣ್ಣು ಒಡೆಯಲಿಲ್ಲ, ಪಕ್ಕಕ್ಕೆ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು.

“ನಿಂಬಿಹಣ್ಣು ಒಡಿಯಾಕ ತಾಕತ್ತಿಲ್ಲ, ಇದೂ ಒಂದು ಗಾಡಿ ಏನಲೇ? ಸರಿ, ನಾ ಕುಂದರ್ತೀನಿ.”

“ಮಾವ, ಕಾಯಿ ಚಿಪ್ಪಿನ ಚೂರು ಬಿದ್ದಾವ. ಗುಡಿಸ್ತೀನಿ, ತಡೀರಿ.”

“ಪೂಜಿ ಮುಗಿಯೋತನಕ ಕಸಬರಿಗಿ ಮುಟ್ಟಬಾರ್ದು! ಶಾಸ್ತ್ರ ಗೊತ್ತಿಲ್ಲೇನು?”

ತೊಂಬತ್ತು ಕಿಲೋ ಶಾಸ್ತ್ರ ಸೀಟೇರಿತು. ನಿಂಬೆಹಣ್ಣು ಪಚಕ್ಕೆಂದಿತು. ಮರುಕ್ಷಣವೇ ಗಾಲಿ ಚಿಪ್ಪಿನ ಚೂರಿನ ಮೇಲೆ ಹತ್ತಿ, ಟೈರು ಢಂ ಎಂದಿತು.

ಮಾವ ಇಳಿದು ಪಂಚೆ ಕೊಡವಿಕೊಂಡರು. “ನೋಡಿದ್ಯಾ, ಎಂಥಾ ದೃಷ್ಟಿ ಇತ್ತು! ಇವತ್ತಿಗೆ ಹೋತು.”

ಈ ಅಳತೆಯ ಟ್ಯೂಬು ಕೊಟ್ಟೂರಿನಲ್ಲೂ ಇಲ್ಲ, ಕೂಡ್ಲಿಗಿಯಲ್ಲೂ ಇಲ್ಲ. ನಾಳೆ ಬೆಳಿಗ್ಗೆ ಕೋಗಳಿಯವರೆಗೆ ಹೋಗಿಬರುವ ನನ್ನ ಆಸೆಯ ಗಾಳಿಯೂ ಹೋಯಿತು.

ದೃಷ್ಟಿ ಹೋದದ್ದು ಮಾತ್ರ ನಿಜ, ಸ್ನೇಹಿತರೇ. ನನ್ನ ಕಣ್ಣೆದುರೇ ಬೈಕಿಗೆ ಕಿಕ್ ಹೊಡೆದು, ಎರಡು ಓಣಿ ಆಚೆಯ ತನ್ನ ಮನೆಗೆ ಹೋಯಿತು.