ಹಮ್ದಿ ಉಸ್ತಾದರ ಒಂದೇ ಒಂದು ಓಟು

ಓಡುತ್ತಿರುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಹಮ್ದಿ ಉಸ್ತಾದರು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ನಕ್ಕು, "ಗಾಡಿ ಸುಳ್ಳು ಹೇಳುವುದಿಲ್ಲ ಅಶ್ರಫ್, ಗಿರಾಕಿ ಹೇಳ್ತಾನೆ" ಎಂದು ರೋಗ ಯಾವುದೆಂದು ತಿಳಿಸುತ್ತಿದ್ದರು. ದುಬೈಯ ರಾಸ್ ಅಲ್ ಖೋರಿನ ಆ ಗ್ಯಾರೇಜಿನಲ್ಲಿ ನಾನು ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಆದ ಅವರು ಈಜಿಪ್ಟಿನವರು, ನಾನು ಉಳ್ಳಾಲದವನು. ಅರ್ಧ ಹಿಂದಿ, ಅರ್ಧ ಅರಬಿಯಲ್ಲಿ ನಮ್ಮ ಸ್ನೇಹ ಸಾಗಿತ್ತು.

ಕೈರೋದಲ್ಲಿ ಅಧ್ಯಕ್ಷನ ವಿರುದ್ಧ ಜನ ಬೀದಿಗಿಳಿದಾಗ ಅವರ ತಮ್ಮ, ಶಾಲೆಯ ಮೇಷ್ಟ್ರು, ಚೌಕದಲ್ಲೇ ಬಿಡಾರ ಹೂಡಿದ್ದ. ಅಧ್ಯಕ್ಷ ಕುರ್ಚಿ ಬಿಟ್ಟ ದಿನ ಉಸ್ತಾದರು ಗ್ರೀಸ್ ಕೈಯಲ್ಲೇ ನನ್ನನ್ನು ಅಪ್ಪಿಕೊಂಡರು. ಮರುವರ್ಷ ಚುನಾವಣೆ. ಹೊರದೇಶದಲ್ಲಿರುವವರು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕಿದ್ದ ಮತಪತ್ರವನ್ನು ನಮ್ಮ ಸ್ಟೋರಿನ ಪ್ರಿಂಟರಿನಲ್ಲೇ ತೆಗೆದುಕೊಟ್ಟೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲಕೋಟೆ ಹಿಡಿದು, ಕಾನ್ಸುಲೇಟಿನ ಮುಂದೆ ಬಿಸಿಲಲ್ಲಿ ಸಾಲು ನಿಂತರು. ನನ್ನ ಮೊಬೈಲಿನಲ್ಲಿ ಇಬ್ಬರೂ ಫೋಟೊ ತೆಗೆಸಿಕೊಂಡೆವು.

"ಐವತ್ತೆರಡು ವರ್ಷಕ್ಕೆ ಮೊದಲ ಸಲ ನನ್ನನ್ನು ಕೇಳಿದ್ರು, ನಿನಗೆ ಯಾರು ಬೇಕು ಅಂತ," ಎಂದರು ಹಿಂದಿರುಗುವಾಗ ಕಾರಿನಲ್ಲಿ. "ನೀನು ಎಷ್ಟು ಸಲ ಹಾಕಿದ್ದಿ?"

"ಒಂದು ಸಲವೂ ಇಲ್ಲ ಉಸ್ತಾದ್. ಹದಿನೆಂಟಕ್ಕೇ ಇಲ್ಲಿಗೆ ಬಂದದ್ದು. ಓಟು ಹಾಕ್ಲಿಕ್ಕೆ ಯಾರು ರಜೆ ಕೊಡ್ತಾರೆ?"

ಅವರು ಸಿಗ್ನಲಿನಲ್ಲಿ ನನ್ನ ಕಡೆ ತಿರುಗಿದರು. "ಹರಾಮ್," ಎಂದರು; ಅವರ ಕಡೆ 'ಅಯ್ಯೋ ಪಾಪ' ಅನ್ನುವುದು ಹಾಗೆ. "ಮನೆಯಲ್ಲಿ ಬಾವಿ ಇಟ್ಕೊಂಡು ಬಾಯಾರಿ ಸಾಯ್ತಿ ನೀನು."

ಅವರು ಓಟು ಹಾಕಿದವನು ಸೋತ. "ಇರಲಿ, ಮುಂದಿನ ಸಲ ನೋಡುವ," ಎಂದು ಎಲ್ಲರಿಗೂ ಚಹಾ ಕುಡಿಸಿದರು.

ವರ್ಷ ತುಂಬುತ್ತಿದ್ದಂತೆ ಅಲ್ಲಿ ಸೈನ್ಯ ಅಧಿಕಾರಕ್ಕೆ ಬಂತು. ಮೊದಲು ಗೆದ್ದವರನ್ನು ಹಿಡಿದರು, ಆಮೇಲೆ ಸೋತವರನ್ನೂ. ತಮ್ಮ ಜೈಲು ಸೇರಿದ. ಉಸ್ತಾದರು ಫೇಸ್‌ಬುಕ್ಕಿನಲ್ಲಿ ಅವನ ಬಿಡುಗಡೆ ಕೇಳಿ ಬರೆಯತೊಡಗಿದರು. ನಮ್ಮ ಮಾಲೀಕ, ಬಂಟ್ವಾಳದ ಹಾಜಿಕ್ಕ, ನನ್ನನ್ನು ಒಳಗೆ ಕರೆದರು.

"ಅವನೊಟ್ಟಿಗೆ ಜಾಸ್ತಿ ಮಾತು ಬೇಡ ಮಾರಾಯ. ಇಲ್ಲಿಯ ಸರಕಾರ ಆ ಸೈನ್ಯದ ಕಡೆ. ನಮಗೆ ನಮ್ಮ ಹೊಟ್ಟೆಪಾಡು ಉಂಟು."

ನಾನು ತಲೆಯಾಡಿಸಿದೆ. ಉಸ್ತಾದರ ಜೊತೆ ಕುಡಿಯುತ್ತಿದ್ದ ಚಹಾವನ್ನು ಅಂದಿನಿಂದ ಸ್ಟೋರಿನೊಳಗೆ ಒಬ್ಬನೇ ಕುಡಿದೆ. ಆ ಫೋಟೊ ಅಳಿಸಿದೆ.

ತಮ್ಮನಿಗೆ ಜೈಲಿಗೆ ಊಟ ಒಯ್ಯಲು ಮನೆಯಲ್ಲಿ ಬೇರೆ ಗಂಡಸರಿಲ್ಲವೆಂದು ಉಸ್ತಾದರು ಕೆಲಸ ಬಿಟ್ಟು ಕೈರೋಗೆ ಹೊರಟರು. ಹೊರಡುವ ದಿನ ಕೌಂಟರಿನ ಆಚೆ ನಿಂತು ಎರಡೂ ತೋಳು ಚಾಚಿದರು. ಹಾಜಿಕ್ಕ ನೋಡುತ್ತಿದ್ದರು. ನಾನು ಬರೀ ಕೈ ಕುಲುಕಿದೆ. "ಖಲಾಸ್," ಎಂದರು.

ಎಂಟು ತಿಂಗಳ ಬಳಿಕ ಧೈರ್ಯ ಮಾಡಿ ಅವರ ಕೈರೋ ನಂಬರಿಗೆ ಫೋನ್ ಮಾಡಿದೆ.

"ಉಸ್ತಾದ್, ನಾನು ದುಬೈಯ ಅಶ್ರಫ್."

ಆಚೆಯಿಂದ ನಮ್ಮ ಗ್ಯಾರೇಜಿನ ಅದೇ ಹರಕು ಹಿಂದಿಯಲ್ಲಿ ಅವರದೇ ದನಿ: "ರಾಂಗ್ ನಂಬರ್, ಭಾಯ್. ಇಲ್ಲಿಗೆ ಮತ್ತೆ ಮಾಡಬೇಡ."

ಯಾರನ್ನು ಕಾಪಾಡಲು ಹಾಗೆಂದರೋ, ಸ್ವತಃ ತಮ್ಮನ್ನೋ, ನನ್ನನ್ನೋ, ಗೊತ್ತಿಲ್ಲ. ನಾನು ಮತ್ತೆ ಮಾಡಲಿಲ್ಲ. ಫೋನ್ ಕೆಳಗಿಟ್ಟಾಗ ನನಗೆ ಮೊದಲು ಆದದ್ದು ನಿರಾಳ.