ಬಿತ್ತನೆ ಕಾಯಿ ಮತ್ತು ಯೋಬನ ಗೆಳೆಯರು

ನನಗೊಂದು ಕೆಟ್ಟ ಚಟವಿದೆ. ಬೀಡಿಯಲ್ಲ, ಇಸ್ಪೀಟಲ್ಲ, ಸಮಾಧಾನ ಹೇಳುವ ಚಟ. ಯಾರ ಮನೆಯಲ್ಲಿ ಸಾವಾಗಲಿ, ಯಾರ ಕಾಲು ಮುರಿಯಲಿ, ಯಾರ ಮಗಳ ಮದುವೆ ನಿಂತುಹೋಗಲಿ, ನಾನು ಅಲ್ಲಿ ಹಾಜರು. ಮೂವತ್ತೆರಡು ವರ್ಷ ವೈ.ಎನ್.ಹೊಸಕೋಟೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ನಿವೃತ್ತಿಯಾದ ಮೇಲೆ ತರಗತಿ ಎಲ್ಲಿಂದ ಸಿಗಬೇಕು ಹೇಳಿ? ದುಃಖದಲ್ಲಿರುವವರು ಬಲು ಒಳ್ಳೆಯ ವಿದ್ಯಾರ್ಥಿಗಳು. ಎದ್ದು ಹೋಗುವುದಿಲ್ಲ, ಎದುರಾಡುವುದಿಲ್ಲ, ಗಂಟೆ ಯಾವಾಗ ಹೊಡೆಯುತ್ತದೆಂದು ಕಿಟಕಿಯ ಕಡೆ ನೋಡುವುದಿಲ್ಲ. ನನ್ನ ಹೆಂಡತಿ ಪಾರ್ವತಿ ಮಾತ್ರ, "ನೀವು ಹಿಂಗೆ ಮಾತಾಡ್ತಾ ಕೂತ್ರೆ ಸತ್ತೋರೂ ಎದ್ದು ಓಡೋಗ್ತಾರೆ ಕಣ್ರೀ" ಎನ್ನುತ್ತಾಳೆ.

ನಮ್ಮ ಕಡೆ ಸಾವಿನ ಮನೆಗೆ ಹೋಗುವುದನ್ನು 'ಮಾತಾಡಿಸಿಕೊಂಡು ಬರುವುದು' ಎನ್ನುತ್ತಾರೆ. ಹೆಸರಿನಲ್ಲೇ ಮಾತು ಇರುವಾಗ ನನ್ನಂಥವನನ್ನು ತಡೆಯುವವರು ಯಾರು? ಆದರೆ ಅದಕ್ಕೂ ಕಟ್ಟುಪಾಡುಗಳಿವೆ. ಅದರಲ್ಲಿ ದೊಡ್ಡದು, ಹೊರಡುವಾಗ 'ಬರ್ತೀನಿ' ಎನ್ನಬಾರದು. ಸುಮ್ಮನೆ ಎದ್ದು, ಹಿಂದಿರುಗಿ ನೋಡದೆ ನಡೆಯಬೇಕು. ಅಂಥ ಮನೆಯಲ್ಲಿ ನಿಂತು ಮತ್ತೆ ಬರುತ್ತೇನೆ ಎನ್ನುವುದೆಂದರೆ ಇನ್ನೊಂದು ಸಾವನ್ನು ಕರೆದಂತೆ. ಮನೆಯವರೂ ಅಷ್ಟೇ, 'ಬನ್ನಿ' ಎನ್ನುವುದಿಲ್ಲ. ದೇವಸ್ಥಾನಕ್ಕೆ ಹೋಗುವವರು, ಚರ್ಚಿಗೆ ಹೋಗುವವರು, ಎಲ್ಲಿಗೂ ಹೋಗದವರು, ಎಲ್ಲರೂ ಇದನ್ನು ಪಾಲಿಸುತ್ತಾರೆ.

ಈ ಬೇಸಿಗೆಯಲ್ಲಿ ನಾನು ಮಾತಾಡಿಸಲು ಹೋದದ್ದು ಸಮುವೇಲಪ್ಪನ ಮನೆಗೆ. ಅವನು ನಮ್ಮ ಶಾಲೆಯ ಅಟೆಂಡರ್, ನನಗಿಂತ ಹತ್ತು ವರ್ಷ ಚಿಕ್ಕವನು. ಅವನು ಬಾರಿಸಿದ ಗಂಟೆಗೆ ಇಪ್ಪತ್ತು ವರ್ಷ ನಾನು ತರಗತಿಗೆ ಹೋಗಿ ಬಂದಿದ್ದೇನೆ. ಊರಾಚೆ ನಾಲ್ಕು ಎಕರೆ ಕಡಲೆಕಾಯಿ ಹೊಲ, ರಸ್ತೆಯ ಪಕ್ಕದ ಪುಟ್ಟ ಚರ್ಚು, ಇವೆರಡು ಅವನ ಲೋಕ. ಅವನ ಹೆಂಡತಿ ದೀನಮ್ಮ ಚರ್ಚಿನಲ್ಲಿ ಹಾಡುವವಳು. ಭಾನುವಾರ ಆಕೆ ದನಿ ಎತ್ತಿದರೆ, ಸಂತೆಗೆ ಹೊರಟವರೂ ಒಂದು ನಿಮಿಷ ಬೈಕು ನಿಲ್ಲಿಸುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಗ್ರೇಸಿ. ನರ್ಸಿಂಗ್ ಮುಗಿಸಿ ಶಿರಾದಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಐದು ದಿನದ ಜ್ವರ ಬಂತು. ಆರನೆಯ ದಿನ ಹುಡುಗಿ ಇರಲಿಲ್ಲ.

ಮಣ್ಣು ಮಾಡುವಾಗ ದೀನಮ್ಮ ಅಳಲಿಲ್ಲ. "ಇನ್ನು ಆತನ್ಗೆ ನಾನು ಹಾಡಕಿಲ್ಲ" ಎಂದಳು, ಅಷ್ಟೇ. ಸಮುವೇಲಪ್ಪ ಹತ್ತು ಜನರ ಮುಂದೆ, "ಬಾಯ್ಮುಚ್ಚೇ! ದೇವರ ಚಿತ್ತ ಅದು!" ಎಂದು ಗದರಿಬಿಟ್ಟ. ಅಂದಿನಿಂದ ಆಕೆ ಬಾಯಿ ಮುಚ್ಚಿದವಳು ತೆರೆಯಲೇ ಇಲ್ಲ. ಚರ್ಚಿಲ್ಲ, ಹಾಡಿಲ್ಲ, ಗಂಡನ ಜೊತೆ ಮಾತಿಲ್ಲ. ಮುದ್ದೆಯ ತಟ್ಟೆ ಮುಂದಿಟ್ಟರೆ ಎರಡು ತುತ್ತು ನುಂಗಿ ಸರಿಸಿಬಿಡುವಳು. ಒಂದು ತಿಂಗಳಿಗೆ ಆಕೆಯ ಕೈಬಳೆಗಳು ಮೊಣಕೈವರೆಗೆ ಜಾರುವಂತಾದವು. ಮಗಳನ್ನು ಕಳೆದುಕೊಂಡ ಮನೆ ತಾಯಿಯನ್ನೂ ಕಳೆದುಕೊಳ್ಳುವಂತಿತ್ತು. ಬಂದವರಿಗೆಲ್ಲ ಸಮುವೇಲಪ್ಪ "ದೇವರ ಚಿತ್ತ ಸಾರ್, ದೇವರ ಚಿತ್ತ" ಎನ್ನುತ್ತಿದ್ದ, ಕಣ್ಣು ಮಾತ್ರ ಗೋಡೆಯ ಕಡೆ.

ಇಂಥ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ನನ್ನ ಬಳಿ ಶಿವಭಕ್ತರ ಕಥೆಗಳ ದಾಸ್ತಾನೇ ಇದೆ. ಆದರೆ ಇವರು ಚರ್ಚಿಗೆ ಹೋಗುವ ಜನ. ಅವರ ಗಾಯಕ್ಕೆ ಅವರದೇ ಮುಲಾಮು ಹಚ್ಚಬೇಕು ಎಂದು ಯೋಚಿಸಿದೆ, ಮಹಾ ಜಾಣ! ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪುಣ್ಯಾತ್ಮರು ಎಂದೋ ಕೈಗಿಟ್ಟಿದ್ದ ಬೈಬಲ್ಲು ನಮ್ಮ ಬೀರುವಿನಲ್ಲಿ ಹಳೆಯ ಪಂಚಾಂಗಗಳ ಅಡಿಯಲ್ಲಿತ್ತು. ತೆಗೆದು ಧೂಳು ಕೊಡವಿ, ಯೋಬನ ಕಥೆ ಹುಡುಕಿದೆ. ಕಷ್ಟಕ್ಕೆ ಅವನೇ ಹಿರಿಯ ಎಂದು ಕೇಳಿ ಗೊತ್ತಿತ್ತು. ಹಾಗೆ ನೋಡಿದರೆ ಕಥೆ ದೊಡ್ಡದು, ನಲವತ್ತಕ್ಕೂ ಹೆಚ್ಚು ಅಧ್ಯಾಯ. ಪರೀಕ್ಷೆಗೆ ಮುಂಚೆ ಮಕ್ಕಳಿಗೆ ನಾನೇ ಹೇಳಿಕೊಡುತ್ತಿದ್ದ ಉಪಾಯವೊಂದಿದೆ: ಪುಸ್ತಕ ಓದಲು ಹೊತ್ತಿಲ್ಲದಿದ್ದರೆ ಮೊದಲ ಪುಟ ಓದು, ಕೊನೆಯ ಪುಟ ಓದು, ನಡುವಿನದು ತಾನಾಗಿ ಬರುತ್ತದೆ. ನಾನೂ ಹಾಗೇ ಮಾಡಿದೆ.

ಮೊದಲ ಪುಟದಲ್ಲಿ ಯೋಬ ಸಜ್ಜನ. ಏಳು ಗಂಡು, ಮೂರು ಹೆಣ್ಣು, ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ. ಒಂದೇ ದಿನದಲ್ಲಿ ಎಲ್ಲ ಹೋಯಿತು, ಹತ್ತು ಮಕ್ಕಳೂ ಹೋದರು. ಮೈತುಂಬ ಹುಣ್ಣೆದ್ದು, ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಕೆರೆದುಕೊಂಡ. ಕೊನೆಯ ಪುಟದಲ್ಲಿ ಎಲ್ಲ ವಾಪಸ್ಸು, ಅದೂ ಎರಡರಷ್ಟು. ಹದಿನಾಲ್ಕು ಸಾವಿರ ಕುರಿ, ಆರು ಸಾವಿರ ಒಂಟೆ, ಮತ್ತೆ ಏಳು ಗಂಡು, ಮೂರು ಹೆಣ್ಣು. ಆಹಾ, ಎಂಥ ಕಥೆ! ಇನ್ನೇನು ಬೇಕು?

ಪಾರ್ವತಿಯನ್ನು ಕರೆದುಕೊಂಡು ಹೋದೆ. ದೀನಮ್ಮ ಬಾಗಿಲಿಗೆ ಒರಗಿ ಕೂತಿದ್ದಳು. ಒಂದು ಪೀರಿಯಡ್ಡಿನಷ್ಟು ಹೊತ್ತು ಮಾತಾಡಿದೆ, ಕೈ ಆಡಿಸಿ, ದನಿ ಏರಿಸಿ, ಇಳಿಸಿ. ಸಮುವೇಲಪ್ಪ ತಲೆ ಆಡಿಸುತ್ತಿದ್ದ. "ನಂಬಿದೋರ್ನ ಆತ ಪರೀಕ್ಷೆ ಮಾಡ್ತಾನೆ ಕಣಮ್ಮ. ಪಾಸಾದ್ಮೇಲೆ ಎಲ್ಲಾ ಎರಡರಷ್ಟು ಕೊಡ್ತಾನೆ" ಎಂದು ಮುಗಿಸಿದೆ. ಆಗ ದೀನಮ್ಮ ತಲೆ ಎತ್ತಿದಳು. ಒಂದು ತಿಂಗಳಲ್ಲಿ ಆಕೆ ಆಡಿದ ಮೊದಲ ಮಾತು ಅದು.

"ಆ ಮೊದಲ್ನೇ ಹತ್ತು ಮಕ್ಳು ಎದ್ದು ಬಂದ್ರಾ ಸಾರ್?"

ನಾನು ಬಾಯಿ ತೆರೆದೆ. ಆಕೆ ಕಾಯಲಿಲ್ಲ.

"ಕುರಿ ಎರಡರಷ್ಟು ಆಯ್ತವೆ. ಮಕ್ಳು ಹೆಂಗಾಯ್ತಾರೆ?" ಎಂದು ಎದ್ದು ಒಳಗೆ ಹೋದಳು.

ಮೂವತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ನಿಲ್ಲಿಸಿರಲಿಲ್ಲ. ಗಾಬರಿಯಲ್ಲಿ ಎದ್ದು, ಕೈ ಮುಗಿದು, ಒಳಬಾಗಿಲಿಗೆ "ಬರ್ತೀನಮ್ಮ" ಎಂದುಬಿಟ್ಟೆ! ಪಾರ್ವತಿ ನನ್ನ ತೋಳನ್ನು ಚಿವುಟಿದ ಗುರುತು ಎರಡು ದಿನ ಇತ್ತು. ಮನೆಯ ಬೀಗ ತೆಗೆಯುತ್ತಾ, "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು" ಎಂದಳು. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಮಗಳ ಲೆಕ್ಕವನ್ನು ಒಂಟೆಗಳ ಜೊತೆ ಕೂಡಿ ಹೇಳಿ ಬಂದಿದ್ದೆನಲ್ಲ!

ಆಮೇಲೆ ನಡುವಿನ ಅಧ್ಯಾಯಗಳನ್ನು ಓದಿದೆ. ಬೇಕಾದದ್ದೆಲ್ಲ ಅಲ್ಲೇ ಇತ್ತು. ಸಹನೆಯ ಮೂರ್ತಿ ಎಂದು ನಾನು ಹೊಗಳಿ ಬಂದ ಯೋಬ ಅಲ್ಲಿ ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಹುಟ್ಟಿದ ದಿನವನ್ನು ಶಪಿಸುತ್ತಾನೆ, ನ್ಯಾಯ ಕೇಳುತ್ತಾನೆ, ಕೂಗುತ್ತಾನೆ. ಅವನನ್ನು ಮಾತಾಡಿಸಲು ಮೂವರು ಗೆಳೆಯರು ಬರುತ್ತಾರೆ. ಅವನ ಸ್ಥಿತಿ ನೋಡಿ, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅಲ್ಲಿಗೇ ಎದ್ದು ಹೋಗಿದ್ದರೆ ಅವರಂಥ ಗೆಳೆಯರು ಲೋಕದಲ್ಲಿಲ್ಲ. ಏಳು ದಿನ ಕಳೆದ ಮೇಲೆ ಬಾಯಿ ತೆರೆದರು ನೋಡಿ, ಕೆಟ್ಟಿತು! ನೀನೇನೋ ತಪ್ಪು ಮಾಡಿರಬೇಕು, ಇದು ಶಿಕ್ಷೆ, ಇದು ಶಿಕ್ಷಣ, ಕೊನೆಗೆ ಒಳ್ಳೆಯದಾಗುತ್ತದೆ ಎಂದು ಅಧ್ಯಾಯಗಟ್ಟಲೆ ಉಪದೇಶ. ಓದುತ್ತಾ ಓದುತ್ತಾ ಆ ಮೂವರಲ್ಲಿ ನನ್ನ ದನಿಯೇ ಕೇಳತೊಡಗಿತು. ನಾಲ್ಕನೆಯವನೊಬ್ಬ ಬಂದು ಅವರೆಲ್ಲರಿಗಿಂತ ಉದ್ದ ಭಾಷಣ ಮಾಡುತ್ತಾನೆ. ಅವನಂತೂ ಸಾಕ್ಷಾತ್ ನಾನೇ.

ಯೋಬನಿಗೆ ಒಬ್ಬ ಹೆಂಡತಿಯೂ ಇದ್ದಳು. ಹೆಸರಿಲ್ಲ. ಅವಳೂ ಅದೇ ಹತ್ತು ಮಕ್ಕಳನ್ನು ಹೆತ್ತವಳು. ಸಂಕಟಕ್ಕೆ ಒಂದೇ ಒಂದು ಮಾತು ಆಡುತ್ತಾಳೆ, ಗಂಡ ಗದರುತ್ತಾನೆ, ಮತ್ತೆ ಅವಳ ಸುದ್ದಿಯೇ ಇಲ್ಲ. ಇದನ್ನು ಓದಿದಾಗ ಬಳೆ ಜಾರುವ ದೀನಮ್ಮನ ಕೈ ನೆನಪಾಯಿತು. ಅದೇ ಬೈಬಲ್ಲಿನ ಅಬ್ರಹಾಮನೂ ಹಾಗೆಯೇ. ದೇವರು ಕೇಳಿದನೆಂದು ಮಗನನ್ನು ಬಲಿ ಕೊಡಲು ಬೆಳಗ್ಗೆ ಎದ್ದು ಹೊರಡುತ್ತಾನೆ, ಮನೆಯಲ್ಲಿರುವ ತಾಯಿಗೆ ಒಂದು ಮಾತು ಹೇಳಿದ ಎಂದು ಎಲ್ಲೂ ಇಲ್ಲ. ನಮ್ಮವರೇನು ಕಮ್ಮಿಯೇ? ಜಂಗಮನ ರೂಪದಲ್ಲಿ ಬಂದ ಶಿವ ಕೇಳಿದನೆಂದು ಮಗನನ್ನೇ ಅಡುಗೆ ಮಾಡಿ ಬಡಿಸಿದ ಭಕ್ತನ ಕಥೆಯನ್ನು ನಾನು ವರ್ಷಾವರ್ಷ ಮೈಮರೆತು ಪಾಠ ಮಾಡಿದವನು. ಇದನ್ನು ಹೇಳಿದರೆ ಪಾರ್ವತಿ ಸೊಪ್ಪು ಬಿಡಿಸುತ್ತಾ, "ಈ ಕಥೆ ಕಟ್ಟಿದೋರ್ಯಾರೂ ಹೆತ್ತೋರಲ್ಲ ಬಿಡಿ" ಎಂದಳು.

ಇಷ್ಟಾದ ಮೇಲೆ ದೇವರ ತೀರ್ಪು ಬರುತ್ತದೆ. ತನ್ನ ಪರವಾಗಿ ವಕಾಲತ್ತು ಮಾಡಿದ ಆ ಮೂವರನ್ನು ದೇವರು ಬೈಯುತ್ತಾನೆ. ತನ್ನ ಮೇಲೆ ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದ ಎನ್ನುತ್ತಾನೆ. ನಾನು ದೇವರನ್ನು ಪರೀಕ್ಷಾ ಕೊಠಡಿಯ ಮೇಲ್ವಿಚಾರಕನೆಂದು ತಿಳಿದಿದ್ದೆ: ಬಾಯಿ ಮುಚ್ಚಿ ಬರೆದವರೆಲ್ಲ ಪಾಸು. ಇಲ್ಲಿ ನೋಡಿದರೆ ಎದ್ದು ನಿಂತು 'ಯಾಕೆ' ಎಂದು ಕೇಳಿದವನೇ ಪಾಸಾಗಿದ್ದಾನೆ. ಕೂಗುವುದಕ್ಕೂ ಎದುರಿಗೊಬ್ಬನಿದ್ದಾನೆ ಎಂಬ ನಂಬಿಕೆ ಬೇಕಲ್ಲವೇ? ಹಾಡುವುದಿಲ್ಲ ಎಂದ ದೀನಮ್ಮನೂ ಆತನಿಗೇ ತಾನೇ ಹಾಗೆ ಹೇಳಿದ್ದು?

ಗೊತ್ತಾದದ್ದನ್ನು ಹೇಳಿ ಬರೋಣವೆಂದು ಮತ್ತೆ ಚಪ್ಪಲಿ ಮೆಟ್ಟಿದೆ. ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ! ಪಾರ್ವತಿ ಅಡ್ಡ ನಿಂತಳು. "ಬಾಯಿಗೆ ಬೀಗ ಹಾಕಿ, ಕೈಗೆ ಕೆಲಸ ಕೊಡಿ. ಅವರ ಮನೇಲಿ ಬಿತ್ತನೆ ಕಾಯಿ ಹಂಗೇ ಬಿದ್ದೈತೆ."

ಮುಂಗಾರಿಗೆ ಮುಂಚೆ ನಮ್ಮ ಕಡೆ ಮನೆಮನೆಯಲ್ಲೂ ಬಿತ್ತನೆಯ ಕಡಲೆಕಾಯಿ ಸುಲಿಯುತ್ತಾರೆ. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆಂದು ಕೈಯಲ್ಲೇ ಸುಲಿಯುವವರು ಇನ್ನೂ ಇದ್ದಾರೆ. ಬೀಜದ ಮೇಲಿನ ಕೆಂಪು ಹೊಟ್ಟು ಸ್ವಲ್ಪ ಕಿತ್ತರೂ ಅದು ಮೊಳೆಯುವ ನಂಬಿಕೆಯಿಲ್ಲ. ಸಂಜೆ ಅಕ್ಕಪಕ್ಕದವರು ಒಂದೊಂದು ಮೊರ ಹಿಡಿದು ಬಂದು ಕೂರುತ್ತಾರೆ. ಸಮುವೇಲಪ್ಪನ ಮನೆಯಲ್ಲಿ ಪ್ರತಿವರ್ಷ ತಾಯಿ ಮಗಳು ಕೂತು ಸುಲಿಯುತ್ತಿದ್ದರು. ಈ ಸಲ ನಾಲ್ಕು ಚೀಲ ಮೂಲೆಯಲ್ಲಿ ಹಾಗೇ ಇದ್ದವು, ಮೋಡ ಆಗಲೇ ಕಟ್ಟುತ್ತಿತ್ತು.

ನಾನು ಹೋಗಿ ಅಂಗಳದ ಬೇವಿನ ಮರದಡಿ ಕೂತೆ. ಸಮುವೇಲಪ್ಪ ಮಾತಿಲ್ಲದೆ ಒಂದು ಚೀಲ ಬಿಚ್ಚಿದ. ಸುಲಿದೆವು. ಮೂರು ದಿನ, ನಾಲ್ಕು ದಿನ. ಸುಮ್ಮನಿರುವುದು ಎಷ್ಟು ಕಷ್ಟ ಗೊತ್ತೇ? ನಾಲಗೆ ತುದಿಗೆ ಬಂದ ಗಾದೆಗಳನ್ನು ನುಂಗಿ ನುಂಗಿ ಹೊಟ್ಟೆ ಉಬ್ಬರಿಸಿತು. ಐದನೆಯ ದಿನ ದೀನಮ್ಮ ಬಾಗಿಲು ಬಿಟ್ಟು ಬಂದು, ದೂರದಲ್ಲಿ ಕೂತು, ತಾನೂ ಒಂದು ಮೊರ ಎಳೆದುಕೊಂಡಳು. ಆರನೆಯ ದಿನ ನನ್ನ ಮೊರದೊಳಕ್ಕೆ ಕೈ ಹಾಕಿ ನೋಡಿದಳು.

"ಏನ್ ಸಾರ್ ಇದು, ಅರ್ಧಕ್ಕರ್ಧ ಹೊಟ್ಟು ಕಿತ್ತೋಗೈತೆ! ಬಿತ್ತಿದ್ರೆ ಒಂದೂ ಹುಟ್ಟಕಿಲ್ಲ."

ನಾನು ತಲೆ ತಗ್ಗಿಸಿದೆ. ಆಕೆಯ ಕೈ ಆ ಬೀಜಗಳಲ್ಲೇ ಆಡುತ್ತಿತ್ತು. "ಗ್ರೇಸಿನೂ ಹಿಂಗೇ. ಬೈದ್ರೆ ನಗೋಳು, 'ಹೋಗ್ಲಿ ಬುಡಮ್ಮ, ಚಟ್ನಿಗಾಯ್ತದೆ' ಅನ್ನೋಳು…" ಎಂದವಳೇ ಮೊರಕ್ಕೆ ಮುಖವಿಟ್ಟು ಅಳತೊಡಗಿದಳು. ಮಣ್ಣು ಮಾಡಿದ ದಿನ ಬರದ ಅಳು ಅದು. ನನಗೆ ಗೊತ್ತಿದ್ದ ಸಮಾಧಾನಗಳೆಲ್ಲ ಗಂಟಲಿಗೆ ಬಂದವು. ಹಲ್ಲು ಕಚ್ಚಿ ಕೂತೆ. ಸಮುವೇಲಪ್ಪ ಬಾಯಿ ತೆರೆದ. 'ದೇವರ ಚಿತ್ತ' ಎನ್ನುತ್ತಾನೆ, ಎಲ್ಲ ಮುಗಿಯಿತು ಎಂದುಕೊಂಡೆ.

"ನಂಗೂ ಆತನ ಮೇಲೆ ಸಿಟ್ಟೈತೆ ಕಣೇ" ಎಂದ. "ನಿನ್ಗಿಂತ ಜಾಸ್ತಿ ಐತೆ. ಹೇಳಕ್ಕೆ ಭಯ ನಂಗೆ."

ದೀನಮ್ಮ ತಲೆ ಎತ್ತಿ ಗಂಡನನ್ನು ನೋಡಿದಳು. ಆಮೇಲೆ ಸರಿದು ಅವನ ಪಕ್ಕಕ್ಕೆ ಬಂದಳು. ಇಬ್ಬರೂ ಅತ್ತರು. ನಾನು ಸುಲಿಯುತ್ತಲೇ ಇದ್ದೆ, ಕಣ್ಣು ಮಂಜಾಗಿ ಎಷ್ಟು ಬೀಜ ಹಾಳಾದವೋ ಗೊತ್ತಿಲ್ಲ. ಕಷ್ಟಕ್ಕೆ ಅರ್ಥವೇನೆಂದು ಯೋಬನಿಗೂ ದೇವರು ಹೇಳಲಿಲ್ಲ. ಆದರೆ ಬಂದ, ಅವನ ಎದುರಿಗೇ ಬಂದು ಮಾತಾಡಿಸಿದ. ನಾನು ಓದಿದ್ದರಲ್ಲಿ ನನ್ನೊಳಗೆ ಉಳಿದದ್ದು ಅಷ್ಟೇ.

ಹೊತ್ತು ಮುಳುಗುತ್ತಾ ಬಂದಾಗ, ಕಟ್ಟುಪಾಡಿನಂತೆ ಏನೂ ಹೇಳದೆ ಎದ್ದೆ. ದೀನಮ್ಮ ನನ್ನ ಮೊರದ ಬೀಜಗಳನ್ನೆಲ್ಲ ಒಂದು ಕವರಿಗೆ ಸುರಿದು ಕೈಗಿಟ್ಟಳು. "ಇವು ಹುಟ್ಟಕಿಲ್ಲ. ಅಕ್ಕನ ಕೈಲಿ ಚಟ್ನಿ ಮಾಡ್ಸಿ." ನಾನು ತಲೆಯಾಡಿಸಿ, ತಿರುಗಿ ನೋಡದೆ ಬೇಲಿಯ ಬಳಿ ಬಂದಿದ್ದೆ.

"ಸಾರ್," ಎಂದು ಹಿಂದಿನಿಂದ ಕೂಗಿದಳು. "ಇನ್ನೂ ಎರಡು ಚೀಲ ಐತೆ. ನಾಳೆ ಬನ್ನಿ."

ನಿಂತೆ. ಕಟ್ಟುಪಾಡು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಿರುಗಿ ನೋಡಿದೆ. ಆರು ದಿನದಲ್ಲಿ ನಾನು ಆ ಅಂಗಳದಲ್ಲಿ ಆಡಿದ ಒಂದೇ ಮಾತು ಅದು:

"ಬರ್ತೀನಮ್ಮ."